ಮೂವತ್ತೆಂಟನೆಯ ಜೋಡಿ

ಬಾಗಿಲು ಹಾಕಿದಿರಾ? ಚಪ್ಪಲಿ, ಶೂ ಎಲ್ಲ ಒಳಗೆ ತಂದಿಟ್ಟಿರಾ? ಸರಿ. ಹೊರಗೆ ಮೆಟ್ಟಿಲ ಮೇಲೆ ಒಂದು ಪುಟ್ಟ ಜೋಡಿ ಉಳಿದಿದೆ, ಗೊತ್ತು. ಅದನ್ನು ಮುಟ್ಟಬೇಡಿ. ಯಾರದು ಅಂತ ಆಮೇಲೆ ಹೇಳುತ್ತೇನೆ.

ನಮ್ಮ ಚಾಂದ್ರಮಾನ ವರ್ಷದ ಕೊನೆಯ ರಾತ್ರಿ ಇದು. ಮಲಗಿದರೆ ಹುಬ್ಬು ಬೆಳ್ಳಗಾಗುತ್ತದಂತೆ, ಹಾಗಾಗಿ ಹೇಗೂ ಮಲಗುವ ಹಾಗಿಲ್ಲ. ಒಂದು ಕತೆ ಕೇಳಿ. ಕತೆ ಅಂದೆನಾ? ತಪ್ಪಾಯಿತು. ಇದು ನಮ್ಮ ದೊಡ್ಡಪ್ಪನಿಗೆ ಆದದ್ದು. ಅಮ್ಮನ ಅಕ್ಕನ ಗಂಡ, ತಕ್ ಇನ್ಸು. ಎಪ್ಪತ್ತೆಂಟನೇ ಇಸವಿಯಲ್ಲಿ, ಇಂಥದ್ದೇ ರಾತ್ರಿ.

ಹತ್ತೂಕಾಲು ಗಂಟೆ. ದೊಡ್ಡಪ್ಪ ಬೆಟ್ಟದ ಬುಡದ ಅನಾಥ ಮಕ್ಕಳ ಮನೆಯಿಂದ ಊರಿಗೆ ನಡೆದು ಬರುತ್ತಿದ್ದ. ಮೂರು ಮೈಲಿ ದಾರಿ. ಬಿದ್ದ ಹಿಮ ಗಟ್ಟಿಯಾಗಿ, ಕಾಲಿಟ್ಟಲ್ಲೆಲ್ಲ ಕರಕ್… ಕರಕ್… ಹನ್ನೆರಡಕ್ಕೆ ಸೈರನ್ ಕೂಗಿದ ಮೇಲೆ ಬೀದಿಯಲ್ಲಿ ನರಪಿಳ್ಳೆ ಕಾಣಬಾರದು, ಕಂಡರೆ ಪೊಲೀಸರು ಹಿಡಿಯುತ್ತಿದ್ದರು. ಆಗಿನ ಕಾನೂನು ಹಾಗಿತ್ತು. ಅವನ ಕೈಯಲ್ಲಿ ಒಣ ಪರ್ಸಿಮನ್ ಹಣ್ಣಿನ ಗಂಟು. ಆ ಗಂಟು ಹೆಜ್ಜೆ ಹೆಜ್ಜೆಗೂ ಭಾರವಾಗುತ್ತಿತ್ತು.

ಗಂಟು ಎಲ್ಲಿಂದ ಬಂತು ಅಂದರೆ…

ದೊಡ್ಡಪ್ಪ ತಾಲೂಕು ಕಚೇರಿಯಲ್ಲಿ ಮಕ್ಕಳ ಕಲ್ಯಾಣದ ಗುಮಾಸ್ತ. ಬೊಂಗ್ ಎಂಬವನು ನಡೆಸುತ್ತಿದ್ದ ಆ ಮಕ್ಕಳ ಮನೆಗೆ ವರ್ಷಕ್ಕೊಮ್ಮೆ ಹೋಗಿ, ಮಕ್ಕಳನ್ನು ಎಣಿಸಿ, ಎಲ್ಲ ಸರಿಯಿದೆ ಎಂದು ವರದಿಗೆ ತನ್ನ ಹೆಸರಿನ ಮುದ್ರೆ ಒತ್ತುವುದು ಅವನ ಕೆಲಸ. ಸಂಸ್ಥೆ ಖಾಸಗಿಯವರದ್ದು, ಅಕ್ಕಿ ಮತ್ತು ಇದ್ದಿಲು ಸರ್ಕಾರದ್ದು. ಸರ್ಕಾರದ ಕಣ್ಣು ಅಂದರೆ ನಮ್ಮ ದೊಡ್ಡಪ್ಪನೇ. ಆ ಕಣ್ಣಿಗೆ ಯಾವತ್ತೋ ಪೊರೆ ಬಂದಿತ್ತು ಬಿಡಿ.

ಮೊದಲ ವರ್ಷ ಹೋದಾಗ ಮಕ್ಕಳಿಗೆಲ್ಲ ಮಂಗನಬಾವು. "ಒಳಗೆ ಬರಬೇಡಿ ಸಾಹೇಬ್ರೆ, ನಿಮ್ಮನೇಲೂ ಪುಟ್ಟ ಮಗು ಇದೆ. ಮೆಟ್ಟಿಲ ಮೇಲೆ ಮೆಟ್ಟು ಇವೆ, ಅವನ್ನೇ ಎಣಿಸ್ಕೊಳಿ" ಅಂದಿದ್ದ ಬೊಂಗ್. ನಮ್ಮಲ್ಲಿ ಮೆಟ್ಟು ಬಿಚ್ಚದೆ ಯಾರೂ ಮನೆಯೊಳಗೆ ಕಾಲಿಡುವುದಿಲ್ಲ. ಎಷ್ಟು ಜೋಡಿ ಹೊರಗಿದೆಯೋ ಅಷ್ಟು ಜನ ಒಳಗೆ. ದೊಡ್ಡಪ್ಪ ಎಣಿಸಿದ. ಮೂವತ್ತೆಂಟು ಜೋಡಿ ಕರಿ ರಬ್ಬರ್ ಮೆಟ್ಟು. ಮುದ್ರೆ ಒತ್ತಿದ. ಮರುವರ್ಷ ಮಂಗನಬಾವು ಇರಲಿಲ್ಲ, ಆದರೂ ಮೆಟ್ಟನ್ನೇ ಎಣಿಸಿದ. ಆಮೇಲೆ ಅದೇ ಪದ್ಧತಿಯಾಯಿತು. "ಮಕ್ಕಳು ಓಡಾಡ್ತಾವೆ ಕಣಯ್ಯ, ಎಣಿಸಕ್ಕೆ ಸಿಗಲ್ಲ. ಮೆಟ್ಟು ಓಡಲ್ಲ" ಎಂದು ಕಚೇರಿಯಲ್ಲಿ ನಗೆಯಾಡುತ್ತಿದ್ದ. ಜೊತೆಯವರೂ ನಗುತ್ತಿದ್ದರು.

ಆ ವರ್ಷ ಹಿಮದಲ್ಲಿ ಬಸ್ಸು ಕೆಟ್ಟು ನಿಂತು, ಅವನು ಅಲ್ಲಿ ತಲುಪುವಾಗ ಕತ್ತಲಾಗಿತ್ತು. ವರದಿ ಬೆಳಗ್ಗೆಯೇ ಮೇಲಿನವರ ಮೇಜಿನ ಮೇಲಿರಬೇಕು. ಚಾಂದ್ರಮಾನದ ಹೊಸ ವರ್ಷಕ್ಕೆ ಆಗಿನ ಸರ್ಕಾರ ರಜೆಯನ್ನೂ ಕೊಡುತ್ತಿರಲಿಲ್ಲ. ಅವನು ಲಾಟೀನು ಹಿಡಿದು ಮೆಟ್ಟಿಲ ಹತ್ತಿರ ಬಂದು ನೋಡಿದ.

ಒಂದೇ ಒಂದು ಜೋಡಿ ಇತ್ತು.

ಕಾರಣ ಅವನಿಗೆ ತಕ್ಷಣ ಹೊಳೆಯಿತು. ಇವತ್ತು ರಾತ್ರಿ ದೆವ್ವ ಊರಿಗಿಳಿದು, ಮನೆ ಮನೆಯ ಮೆಟ್ಟಿಲ ಮೇಲಿನ ಮಕ್ಕಳ ಮೆಟ್ಟು ಹಾಕಿ ನೋಡುತ್ತದೆ. ಕಾಲಿಗೆ ಸರಿಹೊಂದಿದ್ದನ್ನು ತೊಟ್ಟುಕೊಂಡು ಹೋಗಿಬಿಡುತ್ತದೆ. ಯಾರದು ಹೋಯಿತೋ ಅವರಿಗೆ ವರ್ಷವಿಡೀ ಕೇಡು. ಅದಕ್ಕೇ ಈ ರಾತ್ರಿ ಯಾವ ಮಗುವೂ ತನ್ನ ಮೆಟ್ಟನ್ನು ಹೊರಗೆ ಬಿಡುವುದಿಲ್ಲ. ಹೇಳುವ ಅಪ್ಪ ಅಮ್ಮ ಇಲ್ಲದಿದ್ದರೂ ಆ ಮಕ್ಕಳು ತಾವಾಗಿಯೇ ಒಯ್ದು, ಕಂಬಳಿಯೊಳಗೆ ಅವುಚಿಕೊಂಡು ಮಲಗಿದ್ದವು. ಬೊಂಗ್‌ಗೆ ಇದೊಂದು ನೆನಪಾಗಿರಲಿಲ್ಲ.

ಹಾಗಾದರೆ ಈ ಒಂದು ಜೋಡಿ? ದೊಡ್ಡಪ್ಪ ಕೈಗೆತ್ತಿಕೊಂಡು ತಿರುಗಿಸಿದ. ಅಡಿಯಲ್ಲಿ ಒಂದು ಗೀರಿಲ್ಲ, ಮಣ್ಣಿಲ್ಲ. ಒಮ್ಮೆಯೂ ಯಾರೂ ತೊಟ್ಟಿರಲಿಲ್ಲ.

ಕಾಗದದ ಬಾಗಿಲಲ್ಲಿ ಮಕ್ಕಳು ಬೆರಳಿಂದ ಚುಚ್ಚಿದ ಒಂದು ತೂತು. ಅದರಲ್ಲಿ ಒಂದು ಕಣ್ಣು.

"ಯಾರದಮ್ಮ ಇದು?" ಅಂದ ದೊಡ್ಡಪ್ಪ, ಮೆಲ್ಲಗೆ.

"…ದಾಲ್ಲೆದು."

"ದಾಲ್ಲೆ ಎಲ್ಲಿ?"

ಕಣ್ಣು ಸರಿದುಹೋಯಿತು. ಹಿಂದಿನಿಂದ ಬೊಂಗ್‌ನ ನಗು ಕೇಳಿತು. "ಅಯ್ಯೋ, ಚಳೀಲಿ ಯಾಕೆ ನಿಂತಿದೀರಾ ಸಾಹೇಬ್ರೆ? ಬನ್ನಿ, ಕಾಯಿಸಿದ ಮದ್ಯ ಇದೆ. ಆ ದಾಲ್ಲೆ ಮಹಾ ಮರೆಗುಳಿ, ಮೆಟ್ಟು ಬಿಟ್ಟು ಮಲಗಿದ್ದಾಳೆ. ಮೂವತ್ತೆಂಟು ಅಂತ ಬರ್ಕೊಳಿ, ಎಂದಿನ ಹಾಗೆ."

ದಾಲ್ಲೆ… ಆ ಹೆಸರನ್ನು ದೊಡ್ಡಪ್ಪ ಮೊದಲೂ ಕೇಳಿದ್ದ. ಮೂರು ವರ್ಷದ ಹಿಂದೆ ಅಲ್ಲಿನ ಅಡುಗೆಯ ಓಕ್ ಅಜ್ಜಿ ಕಚೇರಿಗೆ ಬಂದು, ಅವನ ಕೈಗೆ ಒಂದು ಕಾಗದ ಕೊಟ್ಟಿದ್ದಳು. ಹಾಸಿಗೆ ಒದ್ದೆ ಮಾಡಿದ ಮಗುವಿನ ತಲೆಗೆ ಮೊರ ಕವುಚಿ, ಪಕ್ಕದ ಮನೆಗೆ ಉಪ್ಪು ಬೇಡಲು ಕಳಿಸಿ ನಕ್ಕುಬಿಡುವುದು ನಮ್ಮ ಕಡೆಯ ರೂಢಿ. ಬೊಂಗ್ ಮಾತ್ರ ದಾಲ್ಲೆಯನ್ನು ಮಾಗಿಯ ಚಳಿಯಲ್ಲಿ ಉಗ್ರಾಣದೊಳಗೆ ಕೂಡಿ ಹಾಕುತ್ತಿದ್ದಾನೆ, ಮಗು ಕೆಮ್ಮುತ್ತಿದೆ, ಯಾರಾದರೂ ಬಂದು ನೋಡಿ. ಅಷ್ಟೇ ಬರೆದಿದ್ದಳು. ದೊಡ್ಡಪ್ಪ ಏನು ಮಾಡಿದ ಗೊತ್ತೇ? ಪದ್ಧತಿಯ ಪ್ರಕಾರ ಅದರ ಮೇಲೆ "ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳುವುದು" ಎಂದು ಬರೆದು, ಆ ಕಾಗದವನ್ನು ಬೊಂಗ್‌ಗೇ ಕಳಿಸಿದ. ಕುರಿ ಕಾಯಲು ತೋಳವನ್ನು ಬಿಟ್ಟ ಹಾಗೆ. ವಾರದೊಳಗೆ ಅಜ್ಜಿಯ ಕೆಲಸ ಹೋಯಿತು. ಮತ್ತೆ ಯಾವ ಕಾಗದವೂ ಬರಲಿಲ್ಲ.

ಈಗ ಕೈಯಲ್ಲಿ ಆ ಮೆಟ್ಟು. ರಿಜಿಸ್ಟರಿನಲ್ಲಿ ದಾಲ್ಲೆಗೆ ವರ್ಷವರ್ಷವೂ ವಯಸ್ಸು ಏರಿತ್ತು, ತೂಕ ಏರಿತ್ತು, ಎತ್ತರ ಏರಿತ್ತು. ಈಗ ಹತ್ತು ವರ್ಷ, ಇಪ್ಪತ್ತಾರು ಕಿಲೋ. ಮೆಟ್ಟೂ ಹತ್ತು ವರ್ಷದ ಅಳತೆಯದ್ದೇ. ಒಂದು ಸಾವು ಹೊರಬಿದ್ದರೆ ವಿಚಾರಣೆ, ಪರವಾನಗಿಗೆ ಕುತ್ತು. ಬೊಂಗ್ ಬಹಳ ಜಾಗ್ರತೆಯ ಮನುಷ್ಯ.

ದೊಡ್ಡಪ್ಪನಿಗೆ ಎಲ್ಲ ಅರ್ಥವಾಯಿತು. ಬಾಗಿಲು ಎರಡು ಹೆಜ್ಜೆ ದೂರ ಇತ್ತು. ಸರಿಸಿ ಒಳಗೆ ಹೋಗಿ ಎಣಿಸಿದ್ದರೆ ಮುಗಿಯುತ್ತಿತ್ತು. ಆದರೆ ಎಣಿಸಿದರೆ ಅಜ್ಜಿಯ ಕಾಗದ ಬಂದ ಮೇಲೆ ಒತ್ತಿದ ಎರಡು ಮುದ್ರೆ ಸುಳ್ಳಾಗುತ್ತವೆ, ನೌಕರಿ ಹೋಗುತ್ತದೆ. ನನಗೆ ಅವನ ಮೇಲೆ ಇವತ್ತಿಗೂ ಸಿಟ್ಟು ಬರುವುದು ಇಲ್ಲೇ. ಅವನು ಮೆಟ್ಟನ್ನು ಮೆಲ್ಲಗೆ ಮೆಟ್ಟಿಲ ಮೇಲಿಟ್ಟ. ವರದಿಯಲ್ಲಿ ಮೂವತ್ತೆಂಟು ಎಂದು ಬರೆದ. ಟಪ್… ಎಂದು ಮುದ್ರೆ ಒತ್ತಿದ. ಬೊಂಗ್ ಹಣ್ಣಿನ ಗಂಟು ಕೊಟ್ಟು ಕಳಿಸಿದ.

ದಾರಿಯಲ್ಲಿ ಊರ ಕಾವಲು ಮರ ದಾಟಿದರೆ ಬಾವಿ. ಬಾವಿಯ ಹತ್ತಿರ ಬಂದಾಗ ಹಿಂದಿನಿಂದ ಸದ್ದು ಕೇಳಿತು. ಕರಕ್ ಅಲ್ಲ. ಪಚ್… ಪಚ್… ಪಚ್… ಬರಿಗಾಲು. ಒದ್ದೆ ಬರಿಗಾಲು, ಹಿಮದ ಮೇಲೆ. ಇವನು ನಿಂತರೆ ಅದೂ ನಿಲ್ಲುತ್ತಿತ್ತು.

"ಸಾಹೇಬ್ರೇ…"

ಸಣ್ಣ ದನಿ. ಇವನು ತಿರುಗಲಿಲ್ಲ.

"ಸಾಹೇಬ್ರೇ… ನನ್ನ ಎಣಿಸಿದ್ರಾ?"

"ಎಣಿಸ್ದೆ" ಅಂದ.

"ನನ್ನ ವಯಸ್ಸು ಎಷ್ಟೂಂತ ಬರೆದ್ರಿ?"

"…ಹತ್ತು."

ಬಾವಿಯ ರಾಟೆ ಕಿರ್‌ರ್… ಎಂದು ಒಂದು ಸುತ್ತು ತಿರುಗಿತು. ಗಾಳಿ ಇರಲಿಲ್ಲ.

"ನಂಗಿನ್ನೂ ಏಳೇ" ಅಂದಿತು ದನಿ, ಈಗ ಮೊಣಕಾಲಿನ ಹತ್ತಿರದಿಂದ. "ಹತ್ತು ವರ್ಷದೋರ ಮೆಟ್ಟು ನಂಗಾಗಲ್ಲ. ಜಾರುತ್ತೆ. ಕಾಲು ಚಳಿ… ಏಳು ವರ್ಷದ್ದು ಯಾರ ಮನೇಲಿದೆ ಸಾಹೇಬ್ರೇ?"

ದೊಡ್ಡಪ್ಪ ಗಂಟನ್ನು ಅಲ್ಲೇ ಎಸೆದು ಓಡಿದ. ಯಾಕೆ ಅಂತೀರಾ? ಅವನ ಮಗಳು ನಾರೆಗೆ ಆಗ ಏಳು ವರ್ಷ. ಹೊಸ ವರ್ಷಕ್ಕೆಂದು ಎರಡು ದಿನದ ಹಿಂದಷ್ಟೇ ಅವಳಿಗೆ ಕೆಂಪು ಶೂ ತಂದಿದ್ದ.

ಮನೆಯಲ್ಲಿ ದೊಡ್ಡಮ್ಮ ಕೋಣೆಕೋಣೆಗೂ ದೀಪ ಹಚ್ಚಿಟ್ಟು, ನಾಳೆಯ ಸಾರಿಗೆ ಅಕ್ಕಿ ಕಡುಬನ್ನು ಬಿಲ್ಲೆಯಾಗಿ ಕತ್ತರಿಸುತ್ತಿದ್ದಳು. ನಿದ್ದೆ ಹೋದ ನಾರೆಯ ಹುಬ್ಬಿಗೆ ತಮಾಷೆಗೆ ಹಿಟ್ಟು ಬಳಿದಿದ್ದಳು.

"ಏನ್ರೀ ನಾರೆ ಅಪ್ಪ, ಮಲಗದೇನೇ ಮುಖ ಎಲ್ಲ ಬೆಳ್ಳಗಾಗಿದ್ಯಲ್ಲ!"

"ಶೂ ಎಲ್ಲಿ? ನಾರೆ ಶೂ ಎಲ್ಲಿ?"

"ಬೀರುವಿನಲ್ಲಿ. ಬೀಗ ಹಾಕಿದೀನಿ. ಬಾಗಿಲಿಗೆ ಜರಡಿ ತೂಗುಹಾಕಿದೀನಿ. ನಿಮಗೇನಾಗಿದೆ?"

ಜರಡಿ ಯಾಕೆ ಅಂದರೆ, ಆ ದೆವ್ವಕ್ಕೆ ಎಣಿಸುವ ಚಟ. ಜರಡಿ ಕಂಡರೆ ಮೆಟ್ಟಿನ ವಿಷಯ ಮರೆತು, ತೂತು ಎಣಿಸುತ್ತಾ ಕೂರುತ್ತದೆ. ಲೆಕ್ಕ ತಪ್ಪುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಅಷ್ಟರಲ್ಲಿ ಕೋಳಿ ಕೂಗಿ ಓಡಬೇಕಾಗುತ್ತದೆ. ನಮ್ಮಜ್ಜಿ, ಅವಳಜ್ಜಿ, ಎಲ್ಲರ ಕಾಲದಲ್ಲೂ ಜರಡಿ ಕಾಪಾಡಿದೆ.

ಹನ್ನೆರಡಕ್ಕೆ ಸೈರನ್ ಕೂಗಿ ನಿಂತಿತು. ಬೀದಿ ಸದ್ದಡಗಿತು. ಆಗ ಬಾಗಿಲ ಹೊರಗಡೆ… ಟಿಕ್. ಟಿಕ್. ಟಿಕ್. ಸಣ್ಣ ಬೆರಳು ಜರಡಿಯ ಬಲೆ ಮುಟ್ಟುವ ಸದ್ದು.

"ಒಂದು… ಎರಡು… ಮೂರು…"

ದೊಡ್ಡಮ್ಮ ಚಾಕು ಕೆಳಗಿಟ್ಟಳು. ಇಬ್ಬರೂ ನಾರೆಯ ಪಕ್ಕಕ್ಕೆ ಸರಿದು ಕೂತರು. ಹೊರಗೆ ದನಿ ಮೂವತ್ತೇಳಕ್ಕೆ ಬಂದು ನಿಂತಿತು. "ಒಂದು ಕಮ್ಮಿ" ಅಂದಿತು. ಮತ್ತೆ ಮೊದಲಿನಿಂದ. ಒಂದು… ಎರಡು… ಮತ್ತೆ ಮೂವತ್ತೇಳು. ಒಂದು ಕಮ್ಮಿ.

"ಹೆದರಬೇಡಿ" ಎಂದು ದೊಡ್ಡಮ್ಮ ಪಿಸುಗುಟ್ಟಿದಳು. "ಅದಕ್ಕೆ ಲೆಕ್ಕ ಬರಲ್ಲ. ಬೆಳಗಿನ ತನಕ ಹೀಗೇ ಎಣಿಸ್ತಿರುತ್ತೆ."

ಎಷ್ಟು ಸಲ ಎಣಿಸಿತೋ. ಆಮೇಲೆ ಸದ್ದು ನಿಂತಿತು. ಬಹಳ ಹೊತ್ತು ಏನೂ ಇಲ್ಲ… ಅನಂತರ ಬಾಗಿಲಿಗೆ ಬಾಯಿಟ್ಟು ಹೇಳಿದ ಹಾಗೆ, ಹತ್ತಿರದಿಂದ:

"ಮೂವತ್ತೆಂಟು. ಎಲ್ಲ ಸರಿಯಿದೆ."

ಟಪ್.

ಆ ಸದ್ದು ದೊಡ್ಡಪ್ಪನಿಗೆ ಗೊತ್ತು. ಹನ್ನೊಂದು ವರ್ಷ ದಿನಾ ಕೇಳಿದ ಸದ್ದು. ಕೋಟಿನ ಜೇಬಿಗೆ ಕೈ ಹಾಕಿದ. ಮುದ್ರೆಯ ಡಬ್ಬಿ ಇತ್ತು, ಒಳಗೆ ಮುದ್ರೆ ಇರಲಿಲ್ಲ.

"ನಾನೂ ನಿಮ್ಮ ಹಾಗೇ ಎಣಿಸಿದೆ ಸಾಹೇಬ್ರೇ" ಅಂದಿತು ಹೊರಗಿನ ದನಿ. ನಕ್ಕಿತು ಕೂಡ. ಮಗು ನಕ್ಕ ಹಾಗೆಯೇ, ಕಿಲಕಿಲ.

ಬೀರುವಿನ ಬೀಗ ತೆರೆಯಲಿಲ್ಲ, ಬಾಗಿಲು ಅಲುಗಲಿಲ್ಲ. ಕೋಣೆಯಲ್ಲಿ ಚಳಿ ಮಾತ್ರ ಒಂದು ಸುತ್ತು ಬಂದು ಹೋಯಿತು. ದೊಡ್ಡಮ್ಮ ಬೀಗ ತೆಗೆದು ನೋಡಿದರೆ ಕೆಂಪು ಶೂ ಇಲ್ಲ. ನಾರೆಯ ಪಾದ ಮುಟ್ಟಿದಳು. ಮಂಜುಗಡ್ಡೆ. ಅಲುಗಿಸಿದಳು, ಹೆಸರು ಹಿಡಿದು ಕೂಗಿದಳು, ಮಗು ಏಳಲಿಲ್ಲ. ಅಡಿಯಿಂದ ಕಾಯಿಸಿದ ಬಿಸಿ ನೆಲದ ಮೇಲೆ ಮಲಗಿದ್ದ ಮಗುವಿನ ಕಾಲು ನೋಡನೋಡುತ್ತಲೇ ಪಾದದಿಂದ ಮೇಲೆ, ಹರಡಿನವರೆಗೆ ತಣ್ಣಗಾಗುತ್ತಾ ಬಂತು.

"ಏನ್ ಮಾಡಿ ಬಂದ್ರಿ? ಬಾಯಿ ಬಿಡಿ. ಯಾರ ಮನೆ ಮಗೂಗೆ ಏನ್ ಮಾಡಿ ಬಂದ್ರಿ?"

ದೊಡ್ಡಪ್ಪ ಅಳುತ್ತಾ ಹೇಳಿದ. ಕಾಗದದ ವಿಷಯ, ಮೆಟ್ಟಿನ ವಿಷಯ, ಮುದ್ರೆಯ ವಿಷಯ. ದೊಡ್ಡಮ್ಮ ಕೇಳುತ್ತಲೇ ಮಗಳ ಕಾಲಿಗೆ ಕಂಬಳಿ ಸುತ್ತಿದಳು.

"ಥೂ ನಿಮ್ಮ ಜನ್ಮಕ್ಕೆ" ಅಂದಳು. "ಏಳಿ. ಹೋಗಿ ಎಣಿಸಿ ಬನ್ನಿ. ತಲೆ ಮುಟ್ಟಿ ಎಣಿಸಿ. ಕೋಳಿ ಕೂಗೋದ್ರೊಳಗೆ ಆಗದಿದ್ರೆ ಈ ಮನೆಗೆ ಬರಲೇಬೇಡಿ."

ಅವನು ಬರಿಗಾಲಲ್ಲೇ ಓಡಿದ. ಹಿಮದ ಮೇಲೆ ಪುಟ್ಟ ಶೂಗಳ ಗುರುತು ಮುಂದೆ ಮುಂದೆ ಹೋಗಿತ್ತು. ಊರ ಅಂಚಿನಲ್ಲಿ ಫುರ್‌ರ್… ಎಂದು ಸೀಟಿ. ಗಸ್ತಿನ ಪೊಲೀಸು, ಮಾ ಎಂಬ ಎಳೆ ಹುಡುಗ.

"ಯಾವನ್ರೀ ಅದು? ಸೈರನ್ ಕೇಳಿಸ್ಲಿಲ್ವಾ? ನಡೀರಿ ಠಾಣೆಗೆ."

"ಬರ್ತೀನಪ್ಪ. ಕೋಳ ಬೇಕಾದ್ರೂ ಹಾಕು. ಮೊದಲು ನನ್ ಜೊತೆ ಬಾ. ಒಂದು ಮಗು ಲೆಕ್ಕಕ್ಕೆ ಸಿಗ್ತಿಲ್ಲ."

ಮಾ ಇವನ ಮುಖ ನೋಡಿದ, ರಕ್ತ ಸೋರುತ್ತಿದ್ದ ಕಾಲು ನೋಡಿದ, ಮುಂದೆ ಸಾಗಿದ್ದ ಪುಟ್ಟ ಹೆಜ್ಜೆ ಗುರುತು ನೋಡಿದ. ಸೀಟಿ ಜೇಬಿಗಿಟ್ಟು ಜೊತೆಗೆ ನಡೆದ.

ಮಕ್ಕಳ ಮನೆಯ ಬಾಗಿಲನ್ನು ದೊಡ್ಡಪ್ಪ ದಡಾರನೆ ಸರಿಸಿದ. ಲಾಟೀನು ಹಿಡಿದು, ಒಂದೊಂದು ತಲೆಯ ಮೇಲೂ ಕೈಯಿಟ್ಟು ಗಟ್ಟಿಯಾಗಿ ಎಣಿಸಿದ. ಬೊಂಗ್ ಒಳ ಅಂಗಿಯಲ್ಲೇ ಓಡಿಬಂದ.

"ಏನ್ ಸಾಹೇಬ್ರೆ ಇದು! ಮುದ್ರೆ ಒತ್ತಿ ಆಯ್ತಲ್ಲ!"

"ಹೌದು, ಒತ್ತಿ ಆಯ್ತು. ಎಣಿಸಿರ್ಲಿಲ್ಲ."

ಮೂವತ್ತೇಳು. ಇನ್ನೊಮ್ಮೆ ಎಣಿಸಿದ. ಮೂವತ್ತೇಳು. "ದಾಲ್ಲೆ ಎಲ್ಲಿ?" ಅಂದ. ಬೊಂಗ್ ಬಾಯಿ ತೆರೆಯುವ ಮೊದಲೇ ಮೂಲೆಯಲ್ಲಿದ್ದ ಒಬ್ಬಳು ಹುಡುಗಿ ಕಂಬಳಿಯಿಂದ ಕೈ ಚಾಚಿ ಹಿತ್ತಲ ಕಡೆ ತೋರಿಸಿದಳು. ಪಕ್ಕದವನೂ ತೋರಿಸಿದ. ಆಮೇಲೆ ಎಲ್ಲ ಮಕ್ಕಳೂ. ಮೂವತ್ತೇಳು ಬೆರಳು, ಒಂದೇ ದಿಕ್ಕಿಗೆ.

ಉಗ್ರಾಣದ ಬೀಗವನ್ನು ಮಾ ಒಡೆದ. ಹೂತಿಟ್ಟ ಉಪ್ಪಿನಕಾಯಿ ಜಾಡಿಗಳ ಹಿಂದೆ, ಮಣ್ಣು ನೆಲದ ಮೇಲೆ, ನಾರೆಯ ಕೆಂಪು ಶೂ ಜೋಡಿಸಿಟ್ಟಿತ್ತು. ಬಾಗಿಲ ಕಡೆ ಮುಖ ಮಾಡಿ, ಈಗಷ್ಟೇ ಯಾರೋ ಬಿಚ್ಚಿಟ್ಟು ಒಳಗೆ ಹೋದ ಹಾಗೆ. ಎಡದ ಶೂ ಒಳಗೆ ದೊಡ್ಡಪ್ಪನ ಮುದ್ರೆ. ಮಾ ಅಲ್ಲೇ ಅಗೆದ. ಬಹಳ ಆಳಕ್ಕೆ ಅಗೆಯಬೇಕಾಗಲಿಲ್ಲ… ಸಿಕ್ಕಿದ್ದನ್ನು ನಾನು ಹೇಳುವುದಿಲ್ಲ. ಹೇಳಲು ಬಾಯಿ ಬರುವುದಿಲ್ಲ.

ದೊಡ್ಡಪ್ಪ ಆ ಮಣ್ಣಿನ ಮೇಲೇ ಕೂತು ಹೊಸ ವರದಿ ಬರೆದ. "ಮಕ್ಕಳು ಮೂವತ್ತೇಳು. ದಾಲ್ಲೆ, ವಯಸ್ಸು ಏಳು, ಮೂರು ವರ್ಷದಿಂದ ಇಲ್ಲ. ಕಾಗದ ನನ್ನ ಕೈಗೆ ಬಂದಿತ್ತು. ನಾನು ಬಂದು ನೋಡಲಿಲ್ಲ." ಕೆಳಗೆ ಮುದ್ರೆ ಒತ್ತಿದ. ಟಪ್. ಎಲ್ಲೋ ದೂರದಲ್ಲಿ ಕೋಳಿ ಕೂಗಿತು. ಇಲ್ಲಿ ಮನೆಯಲ್ಲಿ ನಾರೆ ಕಣ್ಣುಬಿಟ್ಟು, ಹುಬ್ಬಿನ ಹಿಟ್ಟು ಒರೆಸಿಕೊಳ್ಳುತ್ತಾ, "ಅಮ್ಮಾ, ಹಸಿವು" ಅಂದಳಂತೆ.

ಬೊಂಗ್ ಜೈಲಿಗೆ ಹೋದ. ಅಲ್ಲಿ ಅವನು ಒಂದು ರಾತ್ರಿಯೂ ಮಲಗಲಿಲ್ಲ. ಗೋಡೆಗೆ ಬೆರಳಿಟ್ಟು ಟಿಕ್ ಟಿಕ್ ಎಂದು ಎಣಿಸುವುದು, ಮೂವತ್ತೇಳಕ್ಕೆ ನಿಲ್ಲುವುದು, "ಒಂದು ಕಮ್ಮಿ" ಎಂದು ಅತ್ತು ಮತ್ತೆ ಶುರು ಮಾಡುವುದು. ಕೋಳಿ ಕೂಗುವವರೆಗೂ ಅದೇ. ಜೊತೆಯ ಕೈದಿಗಳು ಹೊಡೆದರೂ ನಿಲ್ಲಿಸಲಿಲ್ಲ. ಬೆರಳ ತುದಿ ಸವೆದು ಮೂಳೆ ಕಂಡಿತ್ತಂತೆ. ಮುಂದಿನ ಹೊಸ ವರ್ಷ ಅವನು ನೋಡಲಿಲ್ಲ. ನನಗೆ ಅವನ ಮೇಲೆ ಸಾಸಿವೆಯಷ್ಟೂ ಕನಿಕರ ಇಲ್ಲ. ಮಾಡಿದ್ದುಣ್ಣೋ ಮಹಾರಾಯ.

ದೊಡ್ಡಪ್ಪನ ನೌಕರಿಯೂ ಹೋಯಿತು. ಹೋಗಬೇಕಾದ್ದೇ. ಸಾಯುವವರೆಗೆ ಇದ್ದಿಲು ಹೊತ್ತು ಮಾರಿದ. ಪ್ರತಿ ಮನೆಯಲ್ಲೂ ಮಕ್ಕಳ ತಲೆ ಮುಟ್ಟಿ "ಎಷ್ಟು ಜನ ನೀವು?" ಎಂದು ಕೇಳುತ್ತಿದ್ದ. ಜನ ಅವನಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು.

ದಾಲ್ಲೆಯನ್ನು ಮಣ್ಣು ಮಾಡುವಾಗ ಓಕ್ ಅಜ್ಜಿ ಬಂದು, ಆ ಕೆಂಪು ಶೂ ಅವಳಿಗೇ ತೊಡಿಸಿದಳು. ಸರಿಯಾಗಿ ಹಿಡಿಸಿತು. ದೊಡ್ಡಮ್ಮ ಬೇಡ ಅನ್ನಲಿಲ್ಲ. ಕೊಟ್ಟಾಯಿತು, ತೀರಿತು ಅಂದುಕೊಂಡರು ಎಲ್ಲರೂ.

ಮರುವರ್ಷ ನಾರೆ ಅಕ್ಕನಿಗೆ ಹೊಸ ಶೂ ಕೊಳ್ಳಲು ಹೋದರು. ಅಂಗಡಿಯವನು ಅಳತೆ ನೋಡಿದ. ಹಿಂದಿನ ವರ್ಷದ್ದೇ. ಅದರ ಮರುವರ್ಷವೂ ಅದೇ. ಮೈ ಬೆಳೆಯಿತು, ಮದುವೆಯಾಯಿತು, ತಲೆ ನರೆಯಿತು…

ನೀವು ಬಂದಾಗ ಕೇಳಿದಿರಲ್ಲ, ಹೊರಗಿರುವ ಆ ಪುಟ್ಟ ಶೂ ಯಾವ ಮಗುವಿನದು ಅಂತ? ಈ ಮನೆಯಲ್ಲಿ ಮಕ್ಕಳಿಲ್ಲ. ಅದು ಅಡುಗೆಮನೆಯಲ್ಲಿ ಸಾರು ಕಲಕುತ್ತಿರುವ ನಾರೆ ಅಕ್ಕನದು. ಅವಳಿಗೆ ಐವತ್ತು ದಾಟಿತು. ಈ ರಾತ್ರಿ ದಾಲ್ಲೆಗೆಂದು ಒಂದು ಜೋಡಿಯನ್ನು ಅವಳೇ ಹೊರಗೆ ಬಿಡುತ್ತಾಳೆ. ಸುಳ್ಳು ಅನ್ನಿಸಿದರೆ, ಸಾರು ಬಡಿಸಲು ಬಂದಾಗ ಅವಳ ಕಾಲು ನೋಡಿ.